ಬುಟ್ಟಿಯಲ್ಲಿ ಹೊರಟ ಮಗು: ಪಂಡಿತಾ ರಮಾಬಾಯಿ

ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಬೇಕು ಎಂದು ಇತಿಹಾಸದ ಮೇಡಂ ತರಗತಿಯಲ್ಲಿ ಹೇಳಿದಾಗ ಎಲ್ಲರೂ ಒಂದೊಂದು ಹೆಸರು ಹೇಳಿದರು. ನಾನು ಪಂಡಿತಾ ರಮಾಬಾಯಿ ಅವರ ಹೆಸರು ಹೇಳಿದೆ. ಪಠ್ಯಪುಸ್ತಕದಲ್ಲಿ ಅವರ ಬಗ್ಗೆ ಇರುವುದು ಎರಡೇ ಸಾಲು: ಶಾರದಾ ಸದನ ಕಟ್ಟಿದರು, ವಿಧವೆಯರಿಗೆ ಶಿಕ್ಷಣ ಕೊಟ್ಟರು. ಆದರೆ ಗ್ರಂಥಾಲಯದಲ್ಲಿ ಅವರ ಬಾಲ್ಯದ ಬಗ್ಗೆ ಓದಿದ ದಿನ ನನಗೆ ಪುಸ್ತಕ ಮುಚ್ಚಲು ಆಗಲಿಲ್ಲ. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ದಟ್ಟ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಅವರು ಓದುತ್ತಿದ್ದ ಕಾಲದಲ್ಲಿ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದರು. ಅದನ್ನು ಕಂಡ ಶಾಸ್ತ್ರಿಗಳು ತಮ್ಮ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ತಪ್ಪು ಎಂದು ತಿಳಿಯುತ್ತಿದ್ದ ಕಾಲ. ಮನೆಯವರೂ ಊರವರೂ ವಿರೋಧಿಸಿದರು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ಶಾಸ್ತ್ರದ ಆಧಾರ ತೋರಿಸಿ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕೊನೆಗೆ ಅವರು ಹೆಂಡತಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೋಗಿ ಅಲ್ಲೇ ಆಶ್ರಮ ಕಟ್ಟಿಕೊಂಡರು. ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಶಾಸ್ತ್ರಿಗಳ ಆಸ್ತಿ ಕರಗಿತು, ಸಾಲವಾಯಿತು.

ರಮಾಬಾಯಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಆ ಮನೆ ಬಿಡಬೇಕಾಯಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಹೊರೆಯಾಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಕುಟುಂಬಕ್ಕೆ ಸ್ವಂತ ಮನೆ ಎಂಬುದು ಇರಲಿಲ್ಲ. ತಂದೆ, ತಾಯಿ, ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ, ಈ ಪುಟ್ಟ ಹುಡುಗಿ. ಐದು ಜನ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಿದ್ದರು. ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಕಾಸಿನಲ್ಲಿ ಜೀವನ.

ಇಷ್ಟೆಲ್ಲ ಅಲೆದಾಟದ ನಡುವೆಯೂ ಆ ಹುಡುಗಿಯ ದಿನಚರಿ ತಪ್ಪುತ್ತಿರಲಿಲ್ಲ. ತಾಯಿ ಬೆಳಗಿನ ಜಾವ ಬೇಗ ಎಬ್ಬಿಸಿ, ಮಡಿಲಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಡುತ್ತಿದ್ದರು. ಶಾಸ್ತ್ರಿಗಳು ಕಾಡಿನಲ್ಲಿ ಹೆಂಡತಿಗೆ ಕಲಿಸಿದ್ದ ಸಂಸ್ಕೃತವೇ ಈಗ ಮಗಳಿಗೆ ಬಂತು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಬಾಯಿಪಾಠ ಮಾಡಿದ ಹುಡುಗಿ ಆಕೆ. ಮರಾಠಿ, ಸಂಸ್ಕೃತದ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಎಲ್ಲವೂ ದಾರಿಯಲ್ಲೇ ಬಂದ ಭಾಷೆಗಳು. ಮನೆ ದಿನಕ್ಕೊಂದು ಕಡೆ ಬದಲಾಗುತ್ತಿತ್ತು, ಎಬ್ಬಿಸುವ ಕೈ ಮಾತ್ರ ಅದೇ ಇರುತ್ತಿತ್ತು. ನನಗೆ ಮೊದಲು ಕಣ್ಣಿಗೆ ಬಿದ್ದ ವಿಷಯ ಇದು.

ಆಮೇಲೆ ಬರಗಾಲ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ ತಿರುಗುತ್ತಿದ್ದ ಈ ಕುಟುಂಬದ ಬಳಿ ಇದ್ದಬದ್ದ ಪಾತ್ರೆ, ಬಟ್ಟೆ ಎಲ್ಲವೂ ಮಾರಾಟವಾದವು. ಕೂಲಿ ಮಾಡಿ ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ನಾಚಿಕೆ. ಕಾಡಿನ ಎಲೆ ತಿಂದು ದಿನ ಕಳೆದರು. ಕಣ್ಣು ಕಾಣದಾಗಿದ್ದ ವೃದ್ಧ ತಂದೆ 1874ರಲ್ಲಿ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ರಾಯಚೂರಿನಲ್ಲಿ ಹಾಸಿಗೆ ಹಿಡಿದರು. ಜ್ವರದಲ್ಲಿ ಬಳಲುತ್ತಿದ್ದ ತಾಯಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಿದರಂತೆ. ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋಗಿ ನಿಂತರು. ಕೇಳಬೇಕೆಂದರೆ ನಾಲಿಗೆ ಏಳಲಿಲ್ಲ, ಅಳು ಬಂತು. ಆ ಮನೆಯ ಹೆಂಗಸು ತಾನೇ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟರು. ತಾಯಿಗೆ ಅದನ್ನು ತಿನ್ನಲು ಆಗಲಿಲ್ಲ. ಅವರು ತೀರಿಕೊಂಡಾಗ ಚಟ್ಟ ಹೊರಲು ಸಾಕಷ್ಟು ಜನ ಬರಲಿಲ್ಲ. ಇಬ್ಬರು ಒಪ್ಪಿ ಬಂದರು, ಮೂರನೆಯವರು ಶ್ರೀನಿವಾಸ, ನಾಲ್ಕನೆಯವರು ರಮಾಬಾಯಿ. ಗಿಡ್ಡ ಹುಡುಗಿಯಾದ್ದರಿಂದ ಹೆಗಲು ಎಟುಕದೆ ತಲೆಯ ಮೇಲೆ ಹೊತ್ತುಕೊಂಡು ನಡೆದರು. ಆಗ ಅವರಿಗೆ ಹದಿನಾರು ವರ್ಷ, ಈಗ ಪ್ರಥಮ ಪಿಯುಸಿಯಲ್ಲಿರುವ ನಮ್ಮ ತಂಗಿಯರ ವಯಸ್ಸು. ಸ್ವಲ್ಪ ಕಾಲದಲ್ಲೇ ಅಕ್ಕ ಕೂಡ ಕಾಲರಾದಿಂದ ತೀರಿಕೊಂಡರು.

ಉಳಿದವರು ಅಣ್ಣ, ತಂಗಿ ಇಬ್ಬರೇ. ಅವರು ಒಬ್ಬರನ್ನೊಬ್ಬರು ಬಿಡಲಿಲ್ಲ. ಉತ್ತರಕ್ಕೆ ನಡೆದರು. ಪಂಜಾಬಿನಲ್ಲಿ ಜೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದೂ ಇದೆ. ಹೀಗೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ಸಲೀಸಾಗಿ ಮಾತಾಡುವುದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷೆ ಮಾಡಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಕೊಟ್ಟರು. ರಮಾಬಾಯಿಯ ಹೆಸರು ಪತ್ರಿಕೆಗಳಲ್ಲಿ ಬಂತು. ಆದರೆ 1880ರಲ್ಲಿ ಶ್ರೀನಿವಾಸ ಕೂಡ ಕಾಯಿಲೆಯಿಂದ ತೀರಿಕೊಂಡರು.

ಅದೇ ವರ್ಷ ನವೆಂಬರಿನಲ್ಲಿ ರಮಾಬಾಯಿ ಅಣ್ಣನ ಗೆಳೆಯ, ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರನ್ನು ಮದುವೆಯಾದರು. ಜಾತಿ ಬೇರೆ, ಪ್ರಾಂತ್ಯ ಬೇರೆ. ಅಸ್ಸಾಮಿನ ಸಿಲ್ಚಾರಿನಲ್ಲಿ ಅವರಿಗೆ ಮೊದಲ ಸಲ ತಮ್ಮದೇ ಒಂದು ಮನೆ ಸಿಕ್ಕಿತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಆ ಮನೆ ಒಂದೂಕಾಲು ವರ್ಷ ಇತ್ತು, ಅಷ್ಟೇ. ಇಪ್ಪತ್ಮೂರು ವರ್ಷಕ್ಕೆ ರಮಾಬಾಯಿ ವಿಧವೆ, ಕೈಯಲ್ಲಿ ಹತ್ತು ತಿಂಗಳ ಮಗು.

ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ 1882ರಲ್ಲಿ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ಕೊಟ್ಟು, ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕರೂ ಮಹಿಳಾ ವೈದ್ಯರೂ ಬೇಕೆಂದು ವಾದಿಸಿದರು. 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬಲ್ಲಿ ಕ್ರೈಸ್ತ ಸೋದರಿಯರ ಮಠದಲ್ಲಿದ್ದಾಗ ಕ್ರೈಸ್ತ ಮತ ಸ್ವೀಕರಿಸಿದರು. 1886ರಲ್ಲಿ ಅಮೆರಿಕಕ್ಕೆ ಹೋದರು. ಅವರ ಬಂಧು ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭ ಅದು. ನಂತರ ಊರೂರು ಭಾಷಣ ಮಾಡಿ, ಭಾರತದ ಬಾಲವಿಧವೆಯರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಹಣ ಕೂಡಿಸಿದರು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಈ ಓಡಾಟದಲ್ಲಿ ಪುಟ್ಟ ಮನೋರಮಾಳನ್ನು ತಾಯಿ ಜೊತೆಗೇ ಇಟ್ಟುಕೊಳ್ಳಲು ಆಗಲಿಲ್ಲ. ಅಮೆರಿಕದಿಂದ ಮಗುವನ್ನು ಇಂಗ್ಲೆಂಡಿನ ಸೋದರಿಯರ ಬಳಿಗೆ ಕಳುಹಿಸಬೇಕಾಯಿತು. ದೊಡ್ಡವಳಾದ ಮೇಲೂ ಓದಿಗಾಗಿ ಮತ್ತೆ ಇಂಗ್ಲೆಂಡ್, ಅಮೆರಿಕ. ತಾಯಿಯ ಬಾಲ್ಯದಲ್ಲಿ ಮನೆ ಇರಲಿಲ್ಲ, ಅಮ್ಮ ಇದ್ದರು. ಮಗಳ ಬಾಲ್ಯದಲ್ಲಿ ಒಳ್ಳೆಯ ಕಟ್ಟಡ, ಊಟ, ಶಾಲೆ ಎಲ್ಲ ಇದ್ದವು, ಅಮ್ಮ ಬಹಳ ಸಲ ಸಮುದ್ರದ ಆಚೆ ಇದ್ದರು. ರಮಾಬಾಯಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಒಂಟಿ ತಾಯಿಯೊಬ್ಬಳಿಗೆ ನೂರು ಮಕ್ಕಳ ಕೆಲಸ ಕರೆದಾಗ ತನ್ನ ಮಗುವಿನ ಪಾಲಿಗೆ ಏನಾಗುತ್ತದೆ ಎಂಬುದಕ್ಕೆ ಸುಲಭದ ಉತ್ತರವಿಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿಗೆ ಮೊದಲು ಸೇರಿದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬರು. ಮುಂದೆ ಧೋಂಡೊ ಕೇಶವ ಕರ್ವೆ ಅವರು 1893ರಲ್ಲಿ ಅವರನ್ನು ಮದುವೆಯಾದರು. ವಿಧವೆಯರ ಶಿಕ್ಷಣಕ್ಕಾಗಿ ಜೀವಮಾನ ದುಡಿದ ಆ ಕರ್ವೆ ದಂಪತಿಯ ಕಥೆ ಶುರುವಾದದ್ದು ಈ ಸದನದಿಂದ. ಆದರೆ ಅದೇ ವರ್ಷ ಪುಣೆಯಲ್ಲಿ ದೊಡ್ಡ ಗಲಾಟೆಯೂ ಆಯಿತು. ಸದನದ ಹುಡುಗಿಯರು ಕ್ರೈಸ್ತ ಮತದತ್ತ ಒಲಿಯುತ್ತಿದ್ದಾರೆ ಎಂದು ಪತ್ರಿಕೆಗಳು ಬರೆದವು. ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಶ್ರಯ ಕೊಟ್ಟವರ ನಂಬಿಕೆಯೂ ಆಶ್ರಯ ಪಡೆದ ಮಗುವಿನ ಮೂಲವೂ ಬೇರೆಯಾದಾಗ ಏನು ಮಾಡಬೇಕು ಎಂಬ ಪ್ರಶ್ನೆ ಅಂದಿನದು ಮಾತ್ರವಲ್ಲ. ಮಗುವಿನ ಹೆಸರು, ಭಾಷೆ, ಮನೆತನ, ನಂಬಿಕೆ ಇವು ಮಗುವಿನದೇ ಸೊತ್ತು ಎಂಬ ಎಚ್ಚರ ಎಲ್ಲ ಮತದವರ ಎಲ್ಲ ಅನಾಥಾಲಯಗಳಿಗೂ ಬೇಕು.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ಸುಮ್ಮನೆ ಕೂರಲು ಆಗಲಿಲ್ಲ. ಹಸಿವು ಅವರಿಗೆ ಗೊತ್ತಿತ್ತು. ತಂದೆ ತಾಯಿಯನ್ನು ಕಳೆದುಕೊಂಡ ಹುಡುಗಿ ದಾರಿಯಲ್ಲಿ ಯಾರ ಕೈಗೆ ಬೀಳಬಹುದು ಎಂಬ ಭಯವೂ ಗೊತ್ತಿತ್ತು. ತಾವೇ ಹೋಗಿ, ಪರಿಹಾರ ಶಿಬಿರಗಳಲ್ಲಿ ಮರಗಳ ಕೆಳಗೆ ಬಿದ್ದಿದ್ದ ಹುಡುಗಿಯರನ್ನು ಒಟ್ಟುಗೂಡಿಸಿ ಕರೆತಂದರು. ಸುಮಾರು 300 ಮಂದಿ ಆದರು. ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗ್. ಊರೊಳಗೆ ಇಷ್ಟು ಜನರನ್ನು ಇಡುವಂತಿಲ್ಲ. ಪುಣೆಯಿಂದ ಆಚೆ ಕೇಡಗಾಂವ್ ಎಂಬಲ್ಲಿ ಮೊದಲೇ ಕೊಂಡಿದ್ದ ಹೊಲದಲ್ಲಿ ಡೇರೆ ಹಾಕಿ ಇಳಿಸಿದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು.

ಎರಡು ಸಾವಿರ ಎಂದರೆ ನಮ್ಮ ಕಾಲೇಜಿನಂಥ ಎಷ್ಟು ಕಾಲೇಜು ಎಂದು ಲೆಕ್ಕ ಹಾಕಿ. ಅಷ್ಟು ಜನರಿಗೆ ಬಾವಿ ತೋಡಿಸಿದರು, ಹೊಲ ಮಾಡಿಸಿದರು. ಓದಿನ ಜೊತೆ ನೇಯ್ಗೆ, ಎಣ್ಣೆಗಾಣ, ಹೈನುಗಾರಿಕೆ, ಹೊಲಿಗೆ, ಮುದ್ರಣ ಕಲಿಸಿದರು. ಕಣ್ಣು ಕಾಣದವರಿಗೆ ಮನೋರಮಾ ಬ್ರೈಲ್ ಕಲಿಸಿದರು. ವಯಸ್ಸಾದವರಿಗೆ, ನೊಂದ ಹೆಂಗಸರಿಗೆ ಬೇರೆ ಬೇರೆ ವಿಭಾಗಗಳಿದ್ದವು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ದೊಡ್ಡ ಹುಡುಗಿಯರೂ ಹೊತ್ತರು. ಬರದಲ್ಲಿ ಎಲುಬು ಗೂಡಾಗಿ ಬಂದವರು ಶಿಕ್ಷಕಿಯರಾದರು, ದಾದಿಯರಾದರು, ಹಲವರು ಮದುವೆಯಾಗಿ ತಮ್ಮದೇ ಮನೆ ಕಟ್ಟಿಕೊಂಡರು. ರಮಾಬಾಯಿ, ಮನೋರಮಾ ಕನ್ನಡ ನಾಡಿನ ಗುಲ್ಬರ್ಗಾದಲ್ಲೂ ಶಾಲೆ ನಡೆಸಿದರು. ಆಗ ಅದು ನಿಜಾಮರ ಸಂಸ್ಥಾನದಲ್ಲಿತ್ತು.

1919ರಲ್ಲಿ ಸರ್ಕಾರ ರಮಾಬಾಯಿಗೆ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. ತಾಯಿಯ ನಂತರ ಸದನವನ್ನು ಮನೋರಮಾ ನಡೆಸಬೇಕೆಂಬುದು ಎಲ್ಲರ ನಿರೀಕ್ಷೆ. ಆದರೆ 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ಹೋದರು, ನಲವತ್ತನೇ ವಯಸ್ಸಿಗೆ. ರಮಾಬಾಯಿ ಮೂಲ ಭಾಷೆಗಳಿಂದ ಬೈಬಲನ್ನು ಮರಾಠಿಗೆ ತರುವ ಕೆಲಸವನ್ನು ಮುಗಿಸುತ್ತಾ ಇನ್ನೂ ಕೆಲವು ತಿಂಗಳು ಇದ್ದರು. 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿ ಕಣ್ಣು ಮುಚ್ಚಿದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಮಗು ಕೊನೆಗೆ ಸಾವಿರಾರು ಮಕ್ಕಳು ಇದ್ದ ಜಾಗದಲ್ಲಿ ನೆಲೆ ನಿಂತಿತು.

ಈಗ ಈ ಹೆಸರನ್ನು ನಾನೇಕೆ ಆರಿಸಿದೆ ಎಂದು ಹೇಳಬೇಕು.

ನನ್ನ ಮನೆ ಹೆಗ್ಗರಣೆಯಲ್ಲಿ. ಅದು ನಾನಿಯ ಮನೆ. ಅಬ್ಬಾ ನಾನು ಆರನೇ ತರಗತಿಯಲ್ಲಿದ್ದಾಗ ತೀರಿಕೊಂಡರು, ಎರಡು ವರ್ಷದ ನಂತರ ಅಮ್ಮಿ. ನಾನಿ ಬೇರೆಯವರ ಅಂಗಳದಲ್ಲಿ ಚಾಲಿ ಅಡಿಕೆ ಸುಲಿಯುತ್ತಾರೆ, ಮಾಮು ಬಾಡಿಗೆಗೆ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಇಬ್ಬರು ಮಕ್ಕಳನ್ನು ಇಟ್ಟುಕೊಳ್ಳುವುದು ಆಗದ ಮಾತು ಎಂದು ಹಿರಿಯರು ಕೂತು ಮಾತಾಡಿದರು. ನಾನು ನಾನಿಯ ಬಳಿ ಉಳಿದೆ. ಮೂರನೇ ತರಗತಿಯಲ್ಲಿದ್ದ ತಮ್ಮನನ್ನು ಬೇರೆ ಜಿಲ್ಲೆಯ ಒಂದು ಅನಾಥಾಲಯಕ್ಕೆ ಸೇರಿಸಿದರು. ಅಲ್ಲಿ ಅವನಿಗೆ ಊಟ, ಬಟ್ಟೆ, ಓದು ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ರಜೆಗೆ ಮನೆಗೆ ಬಂದಾಗ ಅವನು ಚೀಲದಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಇಡುತ್ತಿರಲಿಲ್ಲ. ತೊಟ್ಟದ್ದನ್ನು ಒಗೆದು, ಮಡಚಿ, ಮತ್ತೆ ಚೀಲದಲ್ಲೇ ಇಡುತ್ತಿದ್ದ. ನಾನಿ ಬೇಡ ಎಂದರೂ ಕೇಳುತ್ತಿರಲಿಲ್ಲ. ಹೇಗೂ ಹೋಗಬೇಕಲ್ಲ ಎಂಬ ಲೆಕ್ಕ ಅವನದು. ಅಣ್ಣ ತಂಗಿ ಕೈ ಬಿಡದೆ ಕಲ್ಕತ್ತಾವರೆಗೆ ನಡೆದ ಪುಟ ಓದುವಾಗ ನನಗೆ ಆ ಚೀಲವೇ ಕಾಣುತ್ತಿತ್ತು.

ನಾನು ಇದನ್ನು ಸಮಾಜಶಾಸ್ತ್ರದ ಸರ್ ಹತ್ತಿರ ಹೇಳಿದೆ. ಅವರು ಹೇಳಿಕೊಟ್ಟ ವಿಷಯ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ, ಆದ್ದರಿಂದ ಬರೆಯುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಮೊದಲು ಹೆತ್ತವರು ಅಥವಾ ಬಂಧುಗಳ ಮನೆಯಲ್ಲೇ ಉಳಿಸಲು ಆಗುತ್ತದೆಯೇ ಎಂದು ನೋಡಬೇಕು. ಬಡತನವೊಂದೇ ಅಡ್ಡಿಯಾದರೆ ಅದಕ್ಕೆ ಪ್ರಾಯೋಜಕತ್ವ ಎಂಬ ಯೋಜನೆ ಇದೆ. ಮಿಷನ್ ವಾತ್ಸಲ್ಯದ ಅಡಿಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತದೆ. ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೂ, ಸಂಸ್ಥೆಯಿಂದ ಮನೆಗೆ ಮರಳುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಹಳ್ಳಿಯಲ್ಲಾದರೆ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಬಂಧುಗಳೇ ಇಲ್ಲದ ಮಗುವಿಗೆ ಪೋಷಕ ಕುಟುಂಬ ಅಥವಾ ದತ್ತು ಎಂಬ ದಾರಿಗಳಿವೆ. ತೀರ್ಮಾನ ಮಾಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ದತ್ತು ಆದೇಶವನ್ನು ಈಗ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಸಹಾಯ ಬೇಕಾದ ಮಗುವಿನ ಪರವಾಗಿ ಯಾರು ಬೇಕಾದರೂ 1098ಕ್ಕೆ ಕರೆ ಮಾಡಬಹುದು.

ದತ್ತಿನ ಮಾತು ಬಂದಾಗ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಸ್ಲಾಮಿನಲ್ಲಿ ಸಾಕಿದ ಮಗುವಿನ ವಂಶದ ಹೆಸರನ್ನು ಬದಲಿಸುವಂತಿಲ್ಲ, ಅದು ತನ್ನ ತಂದೆಯ ಹೆಸರಿನಿಂದಲೇ ಕರೆಯಲ್ಪಡಬೇಕು. ಆದರೆ ಅನಾಥ ಮಗುವನ್ನು ಮನೆಗೆ ತಂದು ಸಾಕುವುದು, ಅಂದರೆ ಕಫಾಲತ್, ಬಹಳ ದೊಡ್ಡ ಪುಣ್ಯದ ಕೆಲಸ. 2014ರಲ್ಲಿ ಸುಪ್ರೀಂ ಕೋರ್ಟ್, ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ತೆಗೆದುಕೊಳ್ಳಬಹುದು, ಅದು ಅವರವರ ಇಚ್ಛೆಗೆ ಬಿಟ್ಟದ್ದು ಎಂದು ಸ್ಪಷ್ಟಪಡಿಸಿತು. ನಮ್ಮ ಪ್ರವಾದಿ ಮುಹಮ್ಮದ್ (ಸ) ಅವರು ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವರು. ಆಗ ಅಜ್ಜ ಅಬ್ದುಲ್ ಮುತ್ತಲಿಬ್ ಎತ್ತಿಕೊಂಡರು. ಎಂಟನೇ ವಯಸ್ಸಿಗೆ ಅಜ್ಜನೂ ಹೋದಾಗ ದೊಡ್ಡ ಸಂಸಾರದ, ಕೈ ಬಿಗಿಯಾಗಿದ್ದ ದೊಡ್ಡಪ್ಪ ಅಬೂ ತಾಲಿಬ್ ಎತ್ತಿಕೊಂಡರು. ಪ್ರತಿ ಸಲವೂ ಒಂದು ಮನೆಯ ಬಾಗಿಲು ತೆರೆಯಿತು. ನಾವು ಓದಿ ಬೆಳೆದ ಈ ಚರಿತ್ರೆಯಲ್ಲೇ ಉತ್ತರ ಇದೆ ಎಂದು ನನಗೆ ಅನಿಸುತ್ತದೆ.

ಸರ್ ಮತ್ತು ಮಾಮು ಸೇರಿ ಅರ್ಜಿ ಹಾಕಿದರು. ಕಚೇರಿಯವರು ಹೆಗ್ಗರಣೆಗೆ ಬಂದು ಮನೆ ನೋಡಿದರು, ನಾನಿಯ ಜೊತೆ ಮಾತಾಡಿದರು, ತಮ್ಮನನ್ನು ಬೇರೆಯಾಗಿ ಕೂರಿಸಿ ಅವನಿಗೆ ಏನು ಇಷ್ಟ ಎಂದು ಕೇಳಿದರು. ಕಾಗದಪತ್ರ, ಬ್ಯಾಂಕ್ ಖಾತೆ ಎಂದು ತಿಂಗಳುಗಳೇ ಹಿಡಿದವು. ಕಳೆದ ಜೂನ್‌ನಲ್ಲಿ, ಜೋರು ಮಳೆಯ ದಿನ, ತಮ್ಮ ಮನೆಗೆ ಬಂದ. ಈಗ ಊರ ಶಾಲೆಗೇ ಹೋಗುತ್ತಾನೆ. ಬಂದ ಮೇಲೂ ಸುಮಾರು ಒಂದು ತಿಂಗಳು ಬಟ್ಟೆ ಚೀಲದಲ್ಲೇ ಇತ್ತು. ನಾವು ಯಾರೂ ಏನೂ ಹೇಳಲಿಲ್ಲ. ಒಂದು ಭಾನುವಾರ ನಾನಿ ಚಾಲಿ ಚೀಲ ಸಾಲದು ಎಂದು ಹುಡುಕುತ್ತಿದ್ದಾಗ ಅವನೇ ತನ್ನ ಚೀಲ ಖಾಲಿ ಮಾಡಿ ತಂದುಕೊಟ್ಟ.

ರಮಾಬಾಯಿ ಎರಡು ಸಾವಿರ ಮಕ್ಕಳಿಗೆ ನೆರಳಾದರು. ಬರಗಾಲದಲ್ಲಿ ಅದಲ್ಲದೆ ಬೇರೆ ದಾರಿ ಇರಲಿಲ್ಲ. ಇಂದು ನಮಗೆ ದಾರಿಗಳಿವೆ. ನಮ್ಮ ಕಾಲೇಜಿನಲ್ಲೂ ಹಾಸ್ಟೆಲ್, ಅನಾಥಾಲಯಗಳಿಂದ ಬರುವ ಗೆಳೆಯ ಗೆಳತಿಯರು ಇದ್ದಾರೆ. ಹಬ್ಬದ ದಿನ ಅವರನ್ನು ಊಟಕ್ಕೆ ಕರೆಯುವುದು ಒಳ್ಳೆಯದೇ. ಅದರ ಜೊತೆ, ನಿಮ್ಮ ಬಂಧುಬಳಗದಲ್ಲಿ ಬಡತನದ ಕಾರಣಕ್ಕೆ ದೂರ ಕಳುಹಿಸಿದ ಮಗು ಯಾರಾದರೂ ಇದ್ದರೆ ಮನೆಯಲ್ಲಿ ಒಮ್ಮೆ ಮಾತು ತೆಗೆಯಿರಿ. ಅರ್ಜಿ ಬರೆಯಲು ಕಷ್ಟವಾದರೆ ನನ್ನನ್ನು ಕೇಳಿ. ಯಾವ ಕಾಗದ ಬೇಕು, ಎಷ್ಟು ಪ್ರತಿ ಬೇಕು ಎಂದು ನನಗೀಗ ಬಾಯಿಪಾಠ ಆಗಿದೆ.